ಖಾಲಿ ಬಿಟ್ಟ ಸಾಲು

ಗುಬ್ಬಿ,
ಭಾನುವಾರ, 14 ಡಿಸೆಂಬರ್ 2025

ಪ್ರೀತಿಯ ಮಗಳು ರಂಗಲಕ್ಷ್ಮಿಗೆ ನಿನ್ನ ಅಪ್ಪ ದೊಡ್ಡರಂಗಯ್ಯ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ ಅಂತ ಬರೆಯುವುದು ವಾಡಿಕೆ. ಈ ಸಲ ನಾನು ಅದನ್ನು ಬೇಕೆಂದೇ ಬರೆಯುತ್ತಿಲ್ಲ. ಯಾಕೆ ಅಂತ ಕೊನೆಗೆ ನಿನಗೇ ಗೊತ್ತಾಗುತ್ತದೆ. ದೀಪಾವಳಿಗೆ ನೀನು ಕಳಿಸಿದ ಸ್ವೆಟರ್ ಬಂದು ಎರಡು ತಿಂಗಳಾಗುತ್ತಾ ಬಂತು, ತಲುಪಿತು ಅಂತ ಒಂದು ಮಾತು ಬರೆಯಲಿಲ್ಲ. ತಪ್ಪಾಯಿತು ತಾಯಿ. ತೋಳು ಸ್ವಲ್ಪ ಉದ್ದ ಇತ್ತು, ನಿಮ್ಮಮ್ಮ ಒಳಗೆ ಮಡಿಸಿ ಹೊಲಿದುಕೊಟ್ಟಳು. ಬೆಳಿಗ್ಗೆ ಡೈರಿಗೆ ಹಾಲು ತರಲು ಹೋಗುವಾಗ ಅದನ್ನೇ ಹಾಕಿಕೊಳ್ಳುತ್ತೇನೆ. "ಏನ್ ರಂಗಯ್ಯೋರೆ, ಮದ್ವೆ ಗಂಡ್ ಆಗ್ಬುಟ್ರಲ್ಲಾ" ಅಂತ ಡೈರಿಯ ಓಬಳಯ್ಯ ದಿನಾ ರೇಗಿಸುತ್ತಾನೆ. ಅವನಿಗೆ ಹೊಟ್ಟೆಕಿಚ್ಚು, ಅವನ ಮಗಳು ಕಳಿಸಿದ್ದು ಬರೀ ಟೋಪಿ.

ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ನಿನಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿ ಒಲೆಯ ಪಕ್ಕ ಇಟ್ಟುಬಿಡುತ್ತೀಯ. ಕುಕ್ಕರ್ ಸೀಟಿ, ಒಗ್ಗರಣೆ ಸದ್ದು, ನಡುವೆ ನಡುಮನೆಯಿಂದ ನಿಮ್ಮ ಮಾವನವರು "ಯಾರಮ್ಮ, ಬೀಗರಾ?" ಅಂತ ಕೂಗುವುದು. ಅದರಲ್ಲಿ ನಾನು ಹೇಳಬೇಕಾದ್ದು ಹೇಳಲಾರೆ. ಅದಕ್ಕೇ ಇದನ್ನು ಮನೆ ವಿಳಾಸಕ್ಕೆ ಹಾಕದೆ ನಿನ್ನ ಕುಣಿಗಲ್ ಹೈಸ್ಕೂಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಓದು. ಗುಬ್ಬಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಲವತ್ತೊಂದು ವರ್ಷ ಪತ್ರ ಬರೆದು ಹೊಟ್ಟೆ ಹೊರೆದವನು ನಾನು. ನನಗೆ ಬಾಯಿಗೆ ಬರದ ಮಾತು ಕೈಗೆ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ನಾನು ನನ್ನ ವಿಲ್ ಬರೆದಿದ್ದೇನೆ. ಗಾಬರಿ ಬೀಳಬೇಡ, ನನಗೇನೂ ಆಗಿಲ್ಲ. ಸಕ್ಕರೆ ಇದ್ದಷ್ಟೇ ಇದೆ, ಮಂಡಿ ನೋವು ನಿನಗೆ ಗೊತ್ತಿರುವುದೇ. ಈ ತಿಂಗಳು ಇಪ್ಪತ್ತಾರು, ಶುಕ್ರವಾರ ರಿಜಿಸ್ಟರ್ ಮಾಡಿಸಬೇಕು ಅಂತಿದೆ. ಎಲ್ಲ ಸಿದ್ಧವಾಗಿದೆ, ಒಂದು ಸಾಲಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ, ನಿನ್ನ ಹೆಸರಿನ ಮುಂದೆ. ಅದನ್ನು ನೀನು ಹೇಳದೆ ನಾನು ತುಂಬುವುದಿಲ್ಲ.

ಈಗಲೇ ಯಾಕೆ ಅಂದರೆ ನಮ್ಮ ಗುಂಡಯ್ಯ. ಚಿಕ್ಕವಳಿದ್ದಾಗ ನಿನಗೆ ಕಲ್ಲುಸಕ್ಕರೆ ಕೊಡುತ್ತಿದ್ದನಲ್ಲ, ಆಫೀಸಿನ ಮುಂದೆ ನನ್ನ ಪಕ್ಕದ ಮೇಜಿನವನು. ಅಕ್ಟೋಬರ್‌ನಲ್ಲಿ ತೀರಿಕೊಂಡ ವಿಷಯ ಹೇಳಿದ್ದೆ. ಹೇಳದೇ ಇದ್ದದ್ದು ಏನೆಂದರೆ, ಊರಿಗೆಲ್ಲ ವಿಲ್ ಬರೆದುಕೊಟ್ಟವನು ತನ್ನದೊಂದನ್ನು ಬರೆದಿರಲಿಲ್ಲ. ತಿಥಿಯ ದಿನ ಊಟದ ಎಲೆ ಎತ್ತುವ ಮೊದಲೇ ಅವನ ಇಬ್ಬರು ಗಂಡುಮಕ್ಕಳು ಬೀರುವಿನ ಕೀಲಿಗೆ ಜಗಳಕ್ಕೆ ನಿಂತರು. ಅವನ ಹೆಂಡತಿ ಕರಿಬಸಮ್ಮ ಒಂದು ಬಟ್ಟೆ ಅಂಗಡಿ ಚೀಲದ ತುಂಬ ಕಾಗದ ತುಂಬಿಕೊಂಡು ನನ್ನ ಹತ್ತಿರ ಬಂದರು. ವಂಶವೃಕ್ಷ ತನ್ನಿ ಅಂತ ಒಂದು ಕಡೆ, ಮರಣ ಪತ್ರ ತನ್ನಿ ಅಂತ ಇನ್ನೊಂದು ಕಡೆ, ಎಲ್ಲರ ಒಪ್ಪಿಗೆ ಇಲ್ಲದೆ ಖಾತೆ ಆಗಲ್ಲ ಅಂತ ಮತ್ತೊಂದು ಕಡೆ. ಬ್ಯಾಂಕ್ ಪುಸ್ತಕ ತೆಗೆದು ನೋಡಿದರೆ ನಾಮಿನಿ ಅಂತ ಇದ್ದದ್ದು ಅವನ ತಾಯಿಯ ಹೆಸರು. ಆಯಮ್ಮ ಹೋಗಿ ಇಪ್ಪತ್ತು ವರ್ಷವಾಗಿದೆ. "ಅವ್ರು ಎಲ್ಲಾರ್ದೂ ಬರ್ಯೋರು ರಂಗಯ್ಯೋರೆ, ನನ್ ಹೆಸ್ರ ಎಲ್ಲೂ ಬರ್ದೇ ಇಲ್ವಲ್ಲಾ" ಅಂತ ಕರಿಬಸಮ್ಮ ನಮ್ಮ ಜಗಲಿ ಮೇಲೆ ಕೂತು ಅತ್ತರು.

ಮಾರನೆಯ ದಿನವೇ ಪೆನ್ನು ಹಿಡಿದೆ. ನಿಮ್ಮಮ್ಮನಿಗೆ ಅದು ಹಿಡಿಸಲಿಲ್ಲ. "ಒಳ್ಳೆ ಮಂಗಳವಾರದ್ ದಿವ್ಸ ಸಾಯೋ ಕಾಗ್ದ ಬರ್ಕೊಂಡ್ ಕೂತಿದೀರಲ್ಲಾ, ನಿಮ್ಗೇನ್ ಬುದ್ಧಿಗಿದ್ಧಿ ಐತಾ" ಅಂದಳು. ಬುಧವಾರ ಬರೆಯಲಾ ಅಂದೆ, ಅದಕ್ಕೂ ಬೈದಳು. ಮೂರು ದಿನ ನನ್ನ ತಟ್ಟೆಗೆ ಮುದ್ದೆ ಇಡುವಾಗ ಸದ್ದು ಜಾಸ್ತಿ. ನಾಲ್ಕನೆಯ ದಿನ ಕರಿಬಸಮ್ಮನ ಮನೆಗೆ ಹೋಗಿಬಂದವಳು ತಾನಾಗಿ ನನ್ನ ಕನ್ನಡಕ ಒರೆಸಿ ತಂದಿಟ್ಟಳು. "ಬರೀರಿ. ನನ್ ಹೆಸ್ರ ಮೊದ್ಲು ಬರೀರಿ" ಅಂದಳು. ಮೊದಲು ಅವಳ ಹೆಸರನ್ನೇ ಬರೆದೆ.

ನಿನ್ನ ತಮ್ಮ ನಾಗೇಶನದು ಬೇರೆಯದೇ ವರಸೆ. ಅವನು ತುಮಕೂರಿನ ಡ್ಯೂಟಿ ಮುಗಿಸಿ ಸಂಜೆ ರೈಲಿಗೆ ಬಂದು, ಕಾಫಿ ಕುಡಿಯುತ್ತಾ ಕರಡು ಓದಿದ. ತೋಟದಲ್ಲಿ ಅರ್ಧ ನಿನಗೆ ಅಂತ ಬರೆದಿದ್ದನ್ನು ನೋಡಿ ಏನಾದರೂ ಅನ್ನುತ್ತಾನೇನೋ ಅಂತ ನಾನು ಕಾದು ಕೂತಿದ್ದೆ. "ಬರೀರಪ್ಪಾ, ನಂಗೇನು. ಆದ್ರೆ ಕಾಯಿ ಕೀಳ್ಸೋ ಕೆಲ್ಸಾನೂ ಅರ್ಧ ಅಕ್ಕಂದೇ ಅಂತ ಸೇರ್ಸಿ" ಅಂದ. ಒಳಗಿನಿಂದ ಸೊಸೆಯೂ ನಕ್ಕಳು. ನನ್ನ ಎದೆ ಮೇಲಿನ ಒಂದು ಮಣ ಭಾರ ಇಳಿಯಿತು. ಎಷ್ಟೋ ಮನೆಗಳಲ್ಲಿ ಇದೇ ಜಾಗಕ್ಕೆ ಬಂದಾಗ ಲೋಟ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮಗ ಲೋಟ ತೊಳೆದಿಟ್ಟು ಎದ್ದುಹೋದ.

ವಯಸ್ಸಾದವರು ಬರೆದರೆ ಬುದ್ಧಿ ಸ್ಥಿಮಿತದಲ್ಲಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಳ್ಳುವುದು ಒಳ್ಳೆಯದು. ಎಪ್ಪತ್ತೊಂದು ಆಯಿತಲ್ಲ, ನಾಗೇಶನ ಜೊತೆ ತುಮಕೂರಿಗೆ ಹೋದೆ. ಡಾಕ್ಟರು ಸಣ್ಣ ಹುಡುಗಿ, ನಮ್ಮ ಮೊಮ್ಮಗಳು ಇಂಪನಾಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. "ತಾತ, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀತಾ ಬನ್ನಿ" ಅಂದಳು. ಎಲ್ಲ ಸರಿಯಾಗಿ ಹೇಳಿದೆ. ಅವಳು ಬರೆದುಕೊಟ್ಟ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು 'ದೋಡರಂಗಯ್ಯ' ಅಂತಿತ್ತು. "ಅಮ್ಮಾ, ಬುದ್ಧಿ ನಂದು ಸರಿಯಿದೆ, ಹೆಸ್ರು ನೀವ್ ಸರಿ ಮಾಡ್ಕೊಡಿ" ಅಂದೆ. ಪಾಪ, ನಗುತ್ತಾ ಹೊಸದಾಗಿ ಬರೆದುಕೊಟ್ಟಳು.

ಆಮೇಲೆ ಸಿ.ಎಸ್. ಪುರದ ತೋಟದ ಚಕ್ಕುಬಂದಿ. ಆಸ್ತಿಯ ನಾಲ್ಕು ದಿಕ್ಕಿಗೆ ಯಾರ್ಯಾರಿದ್ದಾರೆ ಅಂತ ಬರೆಯಬೇಕಲ್ಲ, ಹಳೆಯ ಪತ್ರದಲ್ಲಿ 'ಪೂರ್ವಕ್ಕೆ ಚಿಕ್ಕಬೀರಯ್ಯನವರ ಹೊಲ, ಉತ್ತರಕ್ಕೆ ಗಾಡಿ ದಾರಿ' ಅಂತಿದೆ. ಕಣ್ಣಿಂದ ನೋಡದೆ ಬರೆಯಬಾರದು ಅಂತ ಹೋಗಿ ಸುತ್ತಿದೆ. ಚಿಕ್ಕಬೀರಯ್ಯ ಹೋಗಿ ಅವನ ಮೊಮ್ಮಗ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಗಾಡಿ ದಾರಿ ಟಾರು ರಸ್ತೆಯಾಗಿದೆ. ಬದಲಾಗದೆ ಇರುವುದು ಬಾವಿ ಮತ್ತು ಅದರ ಪಕ್ಕದ ಎರಡು ಮರ. ಎಳನೀರು ಕುಡಿದು ಬಂದೆ.

ಈಗ ಏನು ಬರೆದಿದ್ದೇನೆ ಅಂತ ನಿನಗೆ ತಿಳಿದಿರಲಿ. ಯಾರಿಗೂ ಗುಟ್ಟು ಮಾಡುವುದಿಲ್ಲ. ಸತ್ತ ಮೇಲೆ ಓದಿಸಿ ಎಲ್ಲರನ್ನೂ ಬೆಚ್ಚಿಬೀಳಿಸುವ ವಿಲ್‌ಗಳೇ ಕೋರ್ಟಿಗೆ ಹೋಗುವುದು. ಗುಬ್ಬಿಯ ಮನೆ ನಿಮ್ಮಮ್ಮನಿಗೆ, ಅವಳ ನಂತರ ನಾಗೇಶನಿಗೆ. ತುಮಕೂರಿನ ಸೈಟು ನಿನಗೆ. ತೋಟ ಇಬ್ಬರಿಗೂ ಸಮ, ಬಾವಿ ಇಬ್ಬರಿಗೂ ಸೇರಿದ್ದು. ಇದೆಲ್ಲ ಸುಲಭದ್ದು. ನಾನು ನಿಜವಾಗಿ ಯೋಚನೆ ಮಾಡಿ ಬರೆದದ್ದು ಹಿಂದಿನ ಕೋಣೆಯ ವಿಷಯ.

ಹಿಂದಿನ ಕೋಣೆಯಲ್ಲಿ ನಮ್ಮಕ್ಕ ನರಸಿಂಹಮ್ಮ, ನಿನ್ನ ನರಸಮ್ಮತ್ತೆ, ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಗಂಡ ಹೋದ ಮೇಲೆ ಊರ್ಡಿಗೆರೆಯಿಂದ ಬಂದವಳು. ಮಕ್ಕಳಿಲ್ಲ. ಅವಳ ಹೆಸರಿನಲ್ಲಿ ಒಂದು ಚೂರು ಕಾಗದವೂ ಇಲ್ಲ. ನಾನಿರುವವರೆಗೆ ಸರಿ. ನಾನು ಹೋದ ಮೇಲೆ ಅವಳ ತಲೆ ಮೇಲಿನ ಸೂರು ನಾಗೇಶನ ಒಳ್ಳೆಯತನದ ಮೇಲೆ ನಿಂತಿರಬಾರದು. ನಾಗೇಶ ಒಳ್ಳೆಯವನೇ. ಆದರೆ ಒಳ್ಳೆಯವರಿಗೂ ಮನೆ ಮಾರುವ ಕಾಲ ಬರುತ್ತದೆ. ಅದಕ್ಕೆ ಆ ಕೋಣೆ, ಓಣಿಯ ಕಡೆಯ ಬಾಗಿಲು, ಕರಿಬೇವಿನ ಗಿಡ, ಬಚ್ಚಲು, ಇಷ್ಟೂ ಅವಳು ಬದುಕಿರುವ ತನಕ ಅವಳದು, ಯಾರೂ ಏಳಿಸುವ ಹಾಗಿಲ್ಲ ಅಂತ ಬಿಡಿಸಿ ಬರೆದಿದ್ದೇನೆ. ನಿಮ್ಮ ತಾತ ಕೊಂಡ ಆ ತೋಟದಲ್ಲೂ ಅರ್ಧ ಅವಳಿಗೇ ಬರೆಯಬೇಕು ಅಂತಿದ್ದೆ. ಅವಳು ಒಪ್ಪಲಿಲ್ಲ. "ಈ ವಯಸ್ನಲ್ಲಿ ನಾನ್ ತಕ್ಕೊಂಡ್ ಏನ್ಲಾ ಮಾಡ್ಲಿ. ನನ್ ಪಾಲು ಲಚ್ಚಿಗ್ ಬರಿ" ಅಂದಳು. ಅಂದರೆ ನಿನಗೆ ಬಂದಿರುವ ಅರ್ಧ ತೋಟ ನಾನು ಕೊಟ್ಟದ್ದಲ್ಲ, ನಿಮ್ಮತ್ತೆ ಬಿಟ್ಟುಕೊಟ್ಟದ್ದು.

ನೀನೂ ಅಳಿಯ ಸಂತೋಷೂ ಇನ್ನೂ ಚಿಕ್ಕವರು, ನಮಗ್ಯಾಕೆ ಇದೆಲ್ಲ ಅನ್ನಬೇಡಿ. ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ, ಇಬ್ಬರು ಸಾಕ್ಷಿ ನಿಮ್ಮೆದುರೇ ಸೈನ್ ಹಾಕಬೇಕು, ಆಸ್ತಿ ಪಡೆಯುವವರು ಸಾಕ್ಷಿಯಾಗದಿದ್ದರೆ ಒಳ್ಳೆಯದು. ನಾಮಿನಿ ಬರೆದುಬಿಟ್ಟರೆ ಮುಗಿಯಿತು ಅಂತ ತಿಳಿಯಬೇಡಿ. ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಅದು ಯಾರದ್ದು ಅಂತ ಹೇಳುವುದು ವಿಲ್. ಇಂಪನಾ ಪಿಯುಸಿ ಮುಗಿಯುವುದರೊಳಗೆ ಇಬ್ಬರೂ ಒಂದೊಂದು ಬರೆದಿಡಿ. ನಾನು ತಿದ್ದಿಕೊಡುತ್ತೇನೆ, ಫೀಸು ಒಂದು ಊಟ.

ಅಮ್ಮ ಹುಣಸೆ ತೊಕ್ಕು ಮಾಡಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತಾಳಂತೆ. ನಾಗೇಶನ ಮಗಳು ಚೈತನ್ಯ ಕಬಡ್ಡಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಬಂದಿದ್ದಾಳೆ, ಮನೆಯಲ್ಲಿ ಯಾರ ಕಾಲೂ ಅವಳ ಕೈಯಿಂದ ಉಳಿದಿಲ್ಲ. ಇಂಪನಾಗೆ ತಾತನ ಮುತ್ತು. ಸಂತೋಷ್‌ಗೂ ಬೀಗರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ, ಕೈಗೆ ಯಾವಾಗಲೂ ಬಲ ಇರಲಿ.

ನಿನ್ನ ಅಪ್ಪ,
ದೊಡ್ಡರಂಗಯ್ಯ

ಮರೆತ ಮಾತು: ಮರೆತದ್ದನ್ನು ಬರೆಯುವ ಜಾಗ ಇದು. ನಾನು ಬರೆಯುತ್ತಿರುವುದು ಮರೆಯಲಾರದೆ ಉಳಿದದ್ದು.

ವಿಲ್‌ನಲ್ಲಿ ಹೆಣ್ಣುಮಕ್ಕಳ ಹೆಸರು ಬಂದ ಕೂಡಲೇ ನಾವು ಪತ್ರ ಬರೆಯುವವರು ಬರೆಯುವ ಒಂದು ಸಾಲಿದೆ. 'ಸದರಿ ಮಗಳಿಗೆ ಯಥಾಶಕ್ತಿ ವಿವಾಹ ಮಾಡಿಕೊಟ್ಟಿದ್ದು, ಆಕೆಯು ಗಂಡನ ಮನೆಯಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತಾಳೆ.' ಪಾಲು ಕೊಡದಿದ್ದರೂ ಈ ಸಾಲು ಬರುತ್ತದೆ, ಕೊಟ್ಟರೂ ಬರುತ್ತದೆ. ನನಗೆ ಬರೆಯುವುದನ್ನು ಕಲಿಸಿದವರೂ ಹೀಗೇ ಬರೆಯುತ್ತಿದ್ದರು. ನಲವತ್ತೊಂದು ವರ್ಷದಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳನ್ನು ಹೀಗೆ ಸುಖವಾಗಿ ಇಟ್ಟೆನೋ ಲೆಕ್ಕವಿಲ್ಲ. ಒಬ್ಬಳನ್ನೂ ಕೇಳಿ ಬರೆದವನಲ್ಲ.

ತೊಂಬತ್ತೊಂದನೇ ಇಸವಿ ಶ್ರಾವಣದಲ್ಲಿ ನಿಮ್ಮ ತಾತ ಹಾಸಿಗೆ ಹಿಡಿದು, ವಿಲ್ ಬರಿ ಅಂದರು. ನಿನಗಾಗ ಎಂಟು ವರ್ಷ. ಅದಕ್ಕೆ ಮೂರು ದಿನ ಮುಂಚೆ ಅಕ್ಕ ಊರ್ಡಿಗೆರೆಯಿಂದ ಒಂದು ಟ್ರಂಕು ಹಿಡಿದು ಒಬ್ಬಳೇ ಬಂದಿದ್ದಳು. ಎಡಗೈ ಊದಿತ್ತು. ಬಾವಿಕಟ್ಟೆ ಮೇಲೆ ಜಾರಿ ಬಿದ್ದೆ ಅಂದಳು. ನಾವೆಲ್ಲ ನಂಬಿದವರ ಹಾಗೆ ಇದ್ದೆವು. ನಾನು ಜಗಲಿ ಮೇಲೆ ಕೂತು ಬರೆದೆ. ಅಕ್ಕನ ಹೆಸರು ಬಂತು, ಪೆನ್ನು ತಾನೇ ಆ ಸಾಲು ಬರೆಯಿತು. ಅದರ ಹಿಂದೆಯೇ 'ಆದ್ದರಿಂದ ಸದರಿಯವಳಿಗೆ ಈ ಸ್ವತ್ತಿನಲ್ಲಿ ಯಾವ ಹಕ್ಕೂ ಇರುವುದಿಲ್ಲ' ಅಂತಲೂ ಬರೆಯಿತು. ತೋಟವೆಲ್ಲ ನನಗಾಯಿತು.

ಪತ್ರ ಬರೆದವನು ಕೊನೆಯಲ್ಲಿ ಸೈನ್ ಹಾಕುವ ಜಾಗಕ್ಕೆ ಬಿಕ್ಕಲಂ ಅನ್ನುತ್ತೇವೆ. ಆಸ್ತಿ ಪಡೆಯುವವನೇ ಬರೆದದ್ದು ಅಂತ ಗೊತ್ತಾದರೆ ಅನುಮಾನ ಬರುತ್ತದೆ ಅಂತ ಅಲ್ಲಿ ಗುಂಡಯ್ಯನ ಕೈಲಿ ಸೈನ್ ಹಾಕಿಸಿದೆ. ಅವನು ಪೆನ್ನು ತೆಗೆದುಕೊಂಡು "ರಂಗಾ, ನರಸಕ್ಕನ್ ಒಂದ್ ಮಾತ್ ಕೇಳಿದ್ಯಾ?" ಅಂದ. "ಅದು ಬರ್ಯೋ ಪದ್ಧತಿ ಅಷ್ಟೇ ಬುಡು" ಅಂದೆ. ಈಗ ಅವನೂ ಇಲ್ಲ.

ಸಾಕ್ಷಿಗಳೆದುರು ಗಟ್ಟಿಯಾಗಿ ಓದಿದೆ. 'ಸುಖವಾಗಿ ಸಂಸಾರ' ಅನ್ನುವ ಹೊತ್ತಿಗೆ ಅಕ್ಕ ಕಾಫಿ ತಂದಳು. ಊದಿದ ಕೈಯಲ್ಲಿ ತಟ್ಟೆ ಹಿಡಿಯಲಾಗದೆ ಬಲಗೈಯಲ್ಲಿ ಒಂದೊಂದೇ ಲೋಟ ತಂದು ಎಲ್ಲರಿಗೂ ಕೊಟ್ಟಳು. ಐದು ಸಲ ಒಳಗೆ ಹೋಗಿ ಬಂದಳು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಮುಂದಿನ ವಾರ ನಾನೇ ಟ್ರಂಕು ಹೊತ್ತು ಅವಳನ್ನು ಊರ್ಡಿಗೆರೆ ಬಸ್ಸಿಗೆ ಹತ್ತಿಸಿದೆ. ಹನ್ನೆರಡು ವರ್ಷ ಅಲ್ಲಿ ಏನು ಅನುಭವಿಸಿದಳೋ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಹೋದ ವಾರ ಅವಳ ಕೋಣೆಯಲ್ಲಿ ಕೂತು ನನ್ನ ಕರಡು ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. "ಆ ಸಾಲು ಹಾಕ್ನಿಲ್ವಾ?" ಅಂದಳು. ಯಾವುದು ಅಂದೆ. "ಅದೇ, ನರಸಿಂಹಮ್ಮ ಸುಖವಾಗವ್ಳೆ ಅಂತ ಅಪ್ಪನ್ ಕಾಗ್ದದಲ್ಲಿ ಬರ್ದಿದ್ಯಲ್ಲಾ." ಮೂವತ್ತನಾಲ್ಕು ವರ್ಷದಲ್ಲಿ ಅವಳು ಈ ಮಾತು ಎತ್ತಿದ್ದು ಇದೇ ಮೊದಲು. ತಪ್ಪಾಯ್ತಕ್ಕ ಅನ್ನಲೂ ಆಗಲಿಲ್ಲ, ಅತ್ತುಬಿಟ್ಟೆ. ಅವಳು ನನ್ನನ್ನು ಅಳಲು ಬಿಟ್ಟು ಇನ್ನೊಂದಷ್ಟು ಕಾಯಿ ಸುಲಿದಳು. ಆಮೇಲೆ, "ಈಗ್ ಬೇಕಾರೆ ಬರ್ಕೋ. ಈಗ್ ಅಡ್ಡಿಯಿಲ್ಲ" ಅಂದಳು. ಬರೆದಿದ್ದೇನೆ. ಅವಳು ಹೇಳಿ ಬರೆಸಿದ್ದು ಅಂತಲೂ ಸೇರಿಸಿದ್ದೇನೆ. ಬಿಕ್ಕಲಂ ಜಾಗದಲ್ಲಿ ಈ ಸಲ ನನ್ನದೇ ಹೆಸರು.

ನಾನು ಏಳುವಾಗ ಅವಳು ಇನ್ನೊಂದು ಮಾತು ಹೇಳಿದಳು. ಗೌರಿ ಹಬ್ಬಕ್ಕೆ ಬಂದ ನೀನು ನಾಲ್ಕು ದಿನ ಅವಳ ಕೋಣೆಯಲ್ಲಿ ಮಲಗಿದ್ದೆಯಲ್ಲ, ನಿನ್ನ ಬಟ್ಟೆಯೆಲ್ಲ ಬ್ಯಾಗಿನಿಂದ ತೆಗೆದು ಅವಳ ಬೀರುವಿನಲ್ಲಿ ಮಡಿಸಿ ಜೋಡಿಸಿದ್ದೆಯಂತೆ. "ನಾಕ್ ದಿನಕ್ ಬಂದೋರು ಬಟ್ಟೆ ಬ್ಯಾಗಲ್ಲೇ ಇಟ್ಕೋತಾರೆ ಕಣ್ಲಾ" ಅಂದಳು.

ಏನೂ ಇಲ್ಲದೆಯೂ ಇರಬಹುದು. ಸಂತೋಷ್ ಮೇಲೆ ನನಗೆ ಯಾವ ದೂರೂ ಇಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಿನ್ನನ್ನು ಊಟ ಆಯ್ತಾ ಅಂತ ಕೇಳಿದ್ದೇನೆ, ಸಂಬಳ ಬಂತಾ ಅಂತ ಕೇಳಿದ್ದೇನೆ, ಇದೊಂದನ್ನು ಕೇಳಿಲ್ಲ. ಕೇಳದೆ ಇನ್ನೊಮ್ಮೆ ಬರೆಯಲಾರೆ. ಲಚ್ಚಿ, ನೀನು ಸುಖವಾಗಿದ್ದೀಯಾ?

ಫೋನಿನಲ್ಲಿ ಬೇಡ, ಬರೆದು ಕಳಿಸು. ಇಪ್ಪತ್ತಾರರೊಳಗೆ ಬಾರದಿದ್ದರೆ ರಿಜಿಸ್ಟ್ರೇಷನ್ ಮುಂದಕ್ಕೆ ಹಾಕಿದರಾಯಿತು. ಬಿಟ್ಟಿರುವುದು ಒಂದೇ ಸಾಲಿನ ಜಾಗ. ನಿನ್ನ ಉತ್ತರ ಅದರಲ್ಲಿ ಹಿಡಿಸದಿದ್ದರೆ ಇನ್ನೊಂದು ಹಾಳೆ ಸೇರಿಸುತ್ತೇನೆ. ಅಕ್ಕ ಬೀರುವಿನ ಮೇಲಿನ ಖಾನೆ ಖಾಲಿ ಮಾಡಿಟ್ಟಿದ್ದಾಳೆ. ಅದನ್ನೂ ಬರಿ ಅಂದಳು, ಬರೆದಿದ್ದೇನೆ.